ಭಾನುವಾರದ ಮೀನು ಸಾರು

ಭಾನುವಾರ ಬೆಳಿಗ್ಗೆ. ವಿಜಯನಗರದ ಓಣಿ ಇರಲಿ, ಕಾಮಾಕ್ಷಿಪಾಳ್ಯದ ವಠಾರ ಇರಲಿ, ಕೆಂಗೇರಿ ಕಡೆಯ ಹೊಸ ಬಡಾವಣೆ ಇರಲಿ. ಹನ್ನೊಂದು ಗಂಟೆ ಹೊತ್ತಿಗೆ ಮಸಾಲೆ ಹುರಿಯುವ ವಾಸನೆ ಬರುತ್ತದೆ. ಒಬ್ಬರ ಮನೆಯಲ್ಲಿ ಕೋಳಿ. ಇನ್ನೊಬ್ಬರ ಮನೆಯಲ್ಲಿ ಮೀನು. ಮೀನಿನ ಮನೆ ಯಾವುದು ಅಂತ ಹೇಳಬೇಕಾಗಿಲ್ಲ. ಬಾಗಿಲ ಮುಂದೆ ಬೆಕ್ಕು ಕುಳಿತಿರುತ್ತದೆ!

ನಾವು ಸಂಜೆ ಹೊತ್ತು ಸೇರಿ ಓದು ಬರಹ ಕಲಿಯುವ ಹೆಂಗಸರು. ನಮ್ಮಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು ಇದ್ದೇವೆ. ಊದುಬತ್ತಿ ಹೊಸೆಯುವವರು ಇದ್ದೇವೆ. ಮನೆಗೆಲಸಕ್ಕೆ ಹೋಗುವವರೂ ಇದ್ದೇವೆ. ಮಾಗಡಿ, ಕುಣಿಗಲ್, ಮದ್ದೂರು, ನಾಗಮಂಗಲದ ಕಡೆಯಿಂದ ಬಂದವರೇ ಹೆಚ್ಚು. ಕುಂದಾಪುರದ ಕಡೆಯ ಅಕ್ಕ ಒಬ್ಬರು ಇದ್ದಾರೆ.

ಒಂದು ದಿನ 'ಮೀ' ಅಕ್ಷರ ಕಲಿಯುತ್ತಿದ್ದೆವು. ಮ, ಮಿ, ಮೀ. ಮೀನು. ಬರೆದು ಮುಗಿಸಿದ ಮೇಲೆ ಮದ್ದೂರಿನ ಅಕ್ಕ ಕೇಳಿದರು:

"ಮೀನು ಅಂತ ಬರೆಯೋಕೆ ಬಂತು. ಮೀನು ಸಾರು ಮಾಡೋದು ಬರೆಯೋಕೆ ಆಗುತ್ತಾ?"

"ಅದನ್ನೇನು ಬರೆಯೋದು? ಎಲ್ಲರಿಗೂ ಗೊತ್ತಿರೋದೇ ಅಲ್ವಾ?" ಅಂದರು ಇನ್ನೊಬ್ಬರು.

"ಗೊತ್ತು ಕಣಕ್ಕ. ನನ್ನ ಕೈಗೆ ಗೊತ್ತು. ನನ್ನ ಮಗಳಿಗೆ ಗೊತ್ತಿಲ್ಲ. ಫೋನ್ ಮಾಡಿ ಕೇಳ್ತಾಳೆ. ಒಂದು ಹಿಡಿ, ಒಂದು ಚಿಟಿಕೆ ಅಂದರೆ ಅವಳಿಗೆ ತಿಳಿಯೋದಿಲ್ಲ."

ಸರಿ, ಬರೆಯೋಣ ಅಂತ ಕುಳಿತೆವು. ಬರೆಯುತ್ತಾ ಹೋದ ಹಾಗೆ ಬೇರೆ ಮಾತುಗಳೂ ಬಂದವು. ಮೀನಿನ ಮಾತು, ದುಡ್ಡಿನ ಮಾತು, ಬಾಡಿಗೆ ಮನೆಯ ಮಾತು, ಊಟದ ತಟ್ಟೆಯ ಮಾತು. ಎಲ್ಲವನ್ನೂ ಸೇರಿಸಿ ಈ ಪಾಠ ಮಾಡಿದ್ದೇವೆ.

ಯಾವ ಮೀನು? ಎಲ್ಲಿಯ ಮೀನು?

ಬೆಂಗಳೂರಿಗೆ ಎರಡು ಕಡೆಯಿಂದ ಮೀನು ಬರುತ್ತದೆ. ಒಂದು, ಕೆರೆ ಮತ್ತು ಹೊಂಡದ ಮೀನು. ಕಾಟ್ಲಾ, ರೋಹು, ಮೃಗಾಲ್, ಗೆಂಡೆ, ಜಿಲೇಬಿ, ಕೊರವ. ಇನ್ನೊಂದು, ಸಮುದ್ರದ ಮೀನು. ಭೂತಾಯಿ, ಬಂಗುಡೆ, ಅಂಜಲ್. ಭೂತಾಯಿಗೆ ಇಲ್ಲಿ ಮತ್ತಿ ಅಂತಲೂ ಕರೆಯುತ್ತಾರೆ. ಮಂಗಳೂರು, ಮಲ್ಪೆ ಬಂದರುಗಳಿಂದ ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳಲ್ಲಿ ಘಟ್ಟ ಹತ್ತಿ ಬರುತ್ತದೆ.

ಸಮುದ್ರದ ಮೀನಿನ ಬೆಲೆ ಮಳೆಗಾಲದಲ್ಲಿ ಏರುತ್ತದೆ. ಯಾಕೆ ಗೊತ್ತೆ? ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಒಟ್ಟು 61 ದಿನ. ಆಗ ಮೀನು ಮೊಟ್ಟೆ ಇಟ್ಟು ಮರಿ ಮಾಡುವ ಕಾಲ. ಕಡಲೂ ಕೆರಳಿರುತ್ತದೆ. ಆ ಎರಡು ತಿಂಗಳು ಕೆರೆ ಮೀನು ಕೊಳ್ಳುವುದು ಕೈಗೆ ಹಗುರ. ಆಮೇಲೆ ಶ್ರಾವಣ ಬರುತ್ತದೆ. ನಮ್ಮಲ್ಲಿ ಅರ್ಧ ಜನ ಮೀನು ಮುಟ್ಟುವುದಿಲ್ಲ. ಮುಟ್ಟುವವರು ಚೌಕಾಸಿ ಮಾಡಬಹುದು.

ಕೆರೆ ಮೀನು ಕೊಳ್ಳುವಾಗ ಒಂದು ಮಾತು ಕೇಳಲೇಬೇಕು. "ಯಾವ ಕೆರೆದಪ್ಪಾ ಇದು?"

ಇದನ್ನು ನಾವು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಕಡೆಯ ವೃಷಭಾವತಿಯನ್ನೇ ನೋಡಿ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಹತ್ತಿರ ಬಸ್ಸಿನಲ್ಲಿ ಹೋಗುವಾಗ ಮೂಗು ಮುಚ್ಚಿಕೊಳ್ಳುತ್ತೇವೆ. ಅದನ್ನು ಮೋರಿ ಅನ್ನುತ್ತೇವೆ. ಅದು ಮೋರಿ ಅಲ್ಲ, ಹೊಳೆ. ನಮ್ಮ ಮನೆಗಳ ಕೊಳಚೆ, ಕಾರ್ಖಾನೆಗಳ ಕೊಳಚೆ ಎಲ್ಲಾ ಸೇರಿ ಹೀಗಾಗಿದೆ. ಕೆಂಗೇರಿ ದಾಟಿ, ಬಿಡದಿ ಕಡೆಯ ಬೈರಮಂಗಲ ಕೆರೆಗೆ ಹೋಗುತ್ತದೆ. ಇಂಥ ನೀರಿನಲ್ಲಿ ಬೆಳೆದ ಮೀನಿನ ಮೈಗೆ ಆ ನೀರಿನ ವಿಷವೂ ಸೇರುತ್ತದೆ. ಎಷ್ಟು ಕುದಿಸಿದರೂ ಸೀಸದಂಥ ವಿಷ ಹೋಗುವುದಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್ ತಿಂಗಳಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ಸೇರಿದ ನೀರಿನಲ್ಲಿ ಮೀನಿಗೆ ಉಸಿರಾಡಲು ಆಗುವುದಿಲ್ಲ. ತೇಲಿದ ಮೀನನ್ನು ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಕೊಳ್ಳಬೇಡಿ.

ಮೀಸೆ ಇರುವ, ಕಪ್ಪಗೆ ದಪ್ಪಗೆ ಇರುವ ಆಫ್ರಿಕನ್ ಕ್ಯಾಟ್‌ಫಿಶ್ ಅಂತ ಒಂದು ಮೀನಿದೆ. ಅದು ಎಂಥ ಕೊಳಕು ನೀರಿನಲ್ಲೂ ಬದುಕುತ್ತದೆ. ಕೊಳೆತ ಮಾಂಸ ಹಾಕಿದರೂ ತಿಂದು ಬೆಳೆಯುತ್ತದೆ. ನಮ್ಮ ಕೆರೆಗಳ ಮೀನನ್ನೆಲ್ಲಾ ನುಂಗಿಹಾಕುತ್ತದೆ. ಇದನ್ನು ಸಾಕಬಾರದು ಅಂತ 2000ನೇ ಇಸವಿಯಲ್ಲೇ ಕೇಂದ್ರ ಸರಕಾರ ಆದೇಶ ಮಾಡಿದೆ. ಆದರೂ ಕದ್ದು ಸಾಕುತ್ತಾರೆ. ಬೆಲೆ ಕಡಿಮೆ ಅಂತ ಅದರ ಆಸೆಗೆ ಬೀಳುವುದು ಬೇಡ.

ಕಣ್ಣು ನೋಡಿ, ಕಿವಿರು ನೋಡಿ

ತಾಜಾ ಮೀನಿನ ಕಣ್ಣು ಉಬ್ಬಿಕೊಂಡು ಹೊಳೆಯುತ್ತದೆ. ಹಳೆಯ ಮೀನಿನ ಕಣ್ಣು ಗುಳಿ ಬಿದ್ದು ಮಬ್ಬಾಗಿರುತ್ತದೆ. ಕಿವಿರು ಎತ್ತಿ ನೋಡಿ. ಕೆಂಪಗಿದ್ದರೆ ಒಳ್ಳೆಯದು. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದದ್ದು ಕೂಡಲೇ ಮೇಲೆದ್ದರೆ ಸರಿ. ಹಾಗೇ ಉಳಿದರೆ ಬೇಡ.

"ಮುಟ್ಟಬೇಡಮ್ಮ" ಅಂತ ಅಂಗಡಿಯವನು ಗದರಿದರೆ ಮುಂದಿನ ಅಂಗಡಿಗೆ ನಡೆಯಿರಿ. ದುಡ್ಡು ನಮ್ಮದು.

ಮೂಗನ್ನೂ ಬಳಸಬೇಕು. ಮೀನಿಗೆ ಮೀನಿನ ವಾಸನೆ ಇದ್ದೇ ಇರುತ್ತದೆ. ಕೊಳೆತ ವಾಸನೆ ಇರಬಾರದು. ಆಸ್ಪತ್ರೆಯಲ್ಲಿ ಬರುವಂಥ ಔಷಧಿ ವಾಸನೆಯೂ ಇರಬಾರದು. 2018ರಲ್ಲಿ ಕೇರಳದ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಫಾರ್ಮಲಿನ್ ಹಾಕಿದ ಮೀನು ಹಿಡಿದರು. ಫಾರ್ಮಲಿನ್ ಅಂದರೆ ಹೆಣ ಕೆಡದ ಹಾಗೆ ಇಡುವ ಔಷಧಿ. ಅದನ್ನು ಊಟದ ಮೀನಿಗೆ ಹಾಕುವುದು ಅಪರಾಧ. ನೊಣ ಕೂಡ ಕೂರದ ಮೀನು, ದೂರದಿಂದ ಬಂದರೂ ರಬ್ಬರಿನ ಹಾಗೆ ಬಿಗಿಯಾಗಿರುವ ಮೀನು ಕಂಡರೆ ಅನುಮಾನ ಪಡಿ.

ತೂಕದ ಲೆಕ್ಕ

ಇದು ಎಲ್ಲಕ್ಕಿಂತ ಮುಖ್ಯ. ನಾವು ಎಷ್ಟೋ ವರ್ಷ ಮೋಸ ಹೋದದ್ದು ಇಲ್ಲೇ. ಅಂಗಡಿಯವನು ಸುಳ್ಳು ಹೇಳಿದ ಅಂತಲ್ಲ. ನಮಗೆ ಲೆಕ್ಕ ಬರುತ್ತಿರಲಿಲ್ಲ.

ಮೀನಿನ ಅಂಗಡಿಯಲ್ಲಿ ಸಾಮಾನ್ಯವಾಗಿ ಇಡೀ ಮೀನನ್ನು ಮೊದಲು ತೂಗುತ್ತಾರೆ. ಆಮೇಲೆ ಕತ್ತರಿಸುತ್ತಾರೆ. ಹುರುಪೆ, ರೆಕ್ಕೆ, ಕಿವಿರು, ಕರುಳು ಎಲ್ಲಾ ತೆಗೆದ ಮೇಲೆ 1 ಕೆಜಿ ಕೆರೆ ಮೀನು ಸುಮಾರು 750 ಗ್ರಾಂ ಆಗುತ್ತದೆ. ಕಾಟ್ಲಾದ ತಲೆ ದೊಡ್ಡದು. ತಲೆ ಬೇಡ ಅಂದರೆ ಇನ್ನೂ ಕಡಿಮೆ.

ಈಗ ಎರಡು ಅಂಗಡಿ ಅಂತ ಇಟ್ಟುಕೊಳ್ಳಿ.

ಮೊದಲನೇ ಅಂಗಡಿಯ ಬೋರ್ಡು: ಇಡೀ ಮೀನು, ಕೆಜಿಗೆ 240 ರೂಪಾಯಿ.
ಎರಡನೇ ಅಂಗಡಿಯ ಬೋರ್ಡು: ಕತ್ತರಿಸಿ ಶುದ್ಧ ಮಾಡಿದ ಮೀನು, ಕೆಜಿಗೆ 300 ರೂಪಾಯಿ.

ಯಾವುದು ಅಗ್ಗ? ಮೊದಲನೆಯದು ಅಂತ ನಾವೆಲ್ಲಾ ಕೂಗಿದೆವು. ಆಮೇಲೆ ಬರೆದು ನೋಡಿದೆವು.

ಮೊದಲನೇ ಅಂಗಡಿಯಲ್ಲಿ 240 ರೂಪಾಯಿಗೆ ಸಿಕ್ಕಿದ್ದು 750 ಗ್ರಾಂ. ಅಂದರೆ ಮೂರು ಕಾಲು ಕೆಜಿ. 240ನ್ನು 3ರಿಂದ ಭಾಗಿಸಿದರೆ 80. ಕಾಲು ಕೆಜಿಗೆ 80 ರೂಪಾಯಿ ಬಿತ್ತು. ಒಂದು ಕೆಜಿಗೆ 80 x 4 = 320 ರೂಪಾಯಿ.

ಎರಡನೇ ಅಂಗಡಿಯಲ್ಲಿ ಒಂದು ಕೆಜಿಗೆ 300 ರೂಪಾಯಿ. ಅದೇ ಅಗ್ಗ!

ಕುಣಿಗಲ್ ಅಕ್ಕ ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಶಿವನೇ! ಎಷ್ಟು ಭಾನುವಾರ ಹೋಯ್ತು!"

ಇನ್ನೂ ಎರಡು ಮಾತು. ತಕ್ಕಡಿ ಖಾಲಿ ಇದ್ದಾಗ 0 ತೋರಿಸುತ್ತದೆಯೇ ನೋಡಿ. ತೂಕ ಮತ್ತು ಅಳತೆ ಇಲಾಖೆಯವರು ಪರೀಕ್ಷೆ ಮಾಡಿ ಹಾಕಿದ ಮುದ್ರೆ ತಕ್ಕಡಿಗೆ ಇರಬೇಕು. ಮಂಜುಗಡ್ಡೆ ಸಮೇತ ತೂಗಿದರೆ, ತೆಗೆದು ತೂಗಿ ಅಂತ ಹೇಳಿ. ನೀರಿಗೆ ಮೀನಿನ ಬೆಲೆ ಕೊಡುವುದು ಯಾಕೆ?

ತಲೆಯನ್ನು ಅಲ್ಲೇ ಬಿಟ್ಟು ಬರಬೇಡಿ. ಅದಕ್ಕೂ ದುಡ್ಡು ಕೊಟ್ಟಿದ್ದೀರಿ. ತಲೆ ಹಾಕಿದರೆ ಸಾರಿಗೆ ರುಚಿ. ಮೊಟ್ಟೆ ಇದ್ದರೆ ಅದನ್ನೂ ಕೇಳಿ ಪಡೆಯಿರಿ. ಆದರೆ ಹೊಟ್ಟೆಯೊಳಗೆ ಹಸಿರು ಬಣ್ಣದ ಪಿತ್ತದ ಚೀಲ ಇರುತ್ತದೆ. ಅದು ಒಡೆದರೆ ಮೀನೆಲ್ಲಾ ಕಹಿ. ಒಡೆಯದ ಹಾಗೆ ತೆಗೆಸಿ. ಕೆಲವರು ಸಕ್ಕರೆ ಕಾಯಿಲೆಗೆ, ಕೀಲು ನೋವಿಗೆ ಒಳ್ಳೆಯದು ಅಂತ ಈ ಪಿತ್ತವನ್ನು ಹಸಿಯಾಗಿ ನುಂಗುತ್ತಾರೆ. ಇದು ಬಹಳ ಅಪಾಯ. ರೋಹು, ಕಾಟ್ಲಾ ಪಿತ್ತ ನುಂಗಿ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದವರಿದ್ದಾರೆ.

ಖಾರದ ಪುಡಿ ಪೊಟ್ಟಣ

ಮೊದಲು ನಾವು ಪೊಟ್ಟಣದ ಬಣ್ಣ, ಚಿತ್ರ ನೋಡಿ ಕೊಳ್ಳುತ್ತಿದ್ದೆವು. ಈಗ ಓದುತ್ತೇವೆ. ತೂಕ ಎಷ್ಟು, ಬೆಲೆ ಎಷ್ಟು, ಯಾವ ದಿನ ತಯಾರಾಯಿತು, ಯಾವ ದಿನದ ತನಕ ಬಳಸಬಹುದು. 14 ಅಂಕಿಯ ಆಹಾರ ಪರವಾನಗಿ ನಂಬರು ಇದೆಯೆ? ಎಣಿಸಿ ನೋಡಿ. ಅಕ್ಷರ ಇಂಗ್ಲಿಷಿನಲ್ಲಿದ್ದರೂ ಅಂಕಿ ಓದಬಹುದು.

ಬಿಡಿ ಪುಡಿ ಕೊಂಡರೆ ಮನೆಯಲ್ಲಿ ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಳ್ಳಿ. ಒಂದು ಚಿಟಿಕೆ ಪುಡಿ ಮೇಲೆ ಉದುರಿಸಿ. ಬಣ್ಣದ ಗೆರೆಗಳು ಸರಸರನೆ ಕೆಳಗೆ ಇಳಿದರೆ ಬಣ್ಣ ಬೆರೆಸಿದ್ದಾರೆ ಅಂತ ತಿಳಿಯಿರಿ. ಎಲ್ಲಕ್ಕಿಂತ ಒಳ್ಳೆಯದು ಮೆಣಸಿನಕಾಯಿ ಕೊಂಡು ಒಣಗಿಸಿ ಗಿರಣಿಯಲ್ಲಿ ಪುಡಿ ಮಾಡಿಸುವುದು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಗುಂಟೂರು ಖಾರ ಕೊಡುತ್ತದೆ. ನಾವು ಎರಡನ್ನೂ ಬೆರೆಸುತ್ತೇವೆ. ಬರೀ ಗುಂಟೂರು ಹಾಕಿದರೆ ಮಕ್ಕಳು ಉಣ್ಣುವುದಿಲ್ಲ.

ಸಾರು ಮಾಡೋಣ

5–6 ಜನರಿಗೆ ಬೇಕಾದದ್ದು:

ಕೆರೆ ಮೀನು 1 ಕೆಜಿ. ಈರುಳ್ಳಿ 3. ಟೊಮೆಟೊ 2. ಬೆಳ್ಳುಳ್ಳಿ 1 ಗೆಡ್ಡೆ. ಶುಂಠಿ ಅರ್ಧ ಬೆರಳಿನಷ್ಟು. ತೆಂಗಿನಕಾಯಿ ಕಾಲು ಭಾಗ. ಹುಣಸೆಹಣ್ಣು ನಿಂಬೆಗಾತ್ರ. ಖಾರದ ಪುಡಿ 3 ಚಮಚ. ದನಿಯ ಪುಡಿ 4 ಚಮಚ. ಅರಿಶಿನ ಅರ್ಧ ಚಮಚ. ಮೆಂತ್ಯ ಕಾಲು ಚಮಚ. ಜೀರಿಗೆ ಅರ್ಧ ಚಮಚ. ಕರಿಮೆಣಸು 10 ಕಾಳು. ಕರಿಬೇವು, ಕೊತ್ತಂಬರಿ ಸೊಪ್ಪು, ಎಣ್ಣೆ, ಉಪ್ಪು. ಚಮಚ ಅಂದರೆ ಟೀ ಚಮಚ.

ಈ ಪಟ್ಟಿ ಬರೆಯುವುದಕ್ಕೇ ನಮಗೆ ಎರಡು ಸಂಜೆ ಬೇಕಾಯಿತು. ಕೈಯಲ್ಲಿ ಹಾಕಿ, ಚಮಚದಲ್ಲಿ ಅಳೆದು, ಆಮೇಲೆ ಬರೆದೆವು. ಮದ್ದೂರಿನ ಅಕ್ಕನ ಒಂದು ಹಿಡಿಗೂ ಮಾಗಡಿ ಅಕ್ಕನ ಒಂದು ಹಿಡಿಗೂ ಒಂದು ಚಮಚ ವ್ಯತ್ಯಾಸ!

ಮೊದಲು ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಹಾಕಿ.

ಮೀನು ತುಂಡುಗಳಿಗೆ ಕಲ್ಲುಪ್ಪು, ಅರಿಶಿನ ಹಾಕಿ ಮೆಲ್ಲಗೆ ಉಜ್ಜಿ. ಎರಡು ಮೂರು ನೀರಿನಲ್ಲಿ ತೊಳೆಯಿರಿ. ಹೊಟ್ಟೆಯ ಒಳಗೋಡೆಗೆ ಕಪ್ಪು ಪೊರೆ ಅಂಟಿರುತ್ತದೆ. ಅದನ್ನು ಕೆರೆದು ತೆಗೆಯಿರಿ. ವಾಸನೆ ಹೆಚ್ಚಾಗುವುದು ಅದರಿಂದಲೇ. ಕೊನೆಗೆ ಅಕ್ಕಿ ತೊಳೆದ ನೀರಿನಲ್ಲೋ ನಿಂಬೆರಸದ ನೀರಿನಲ್ಲೋ ಒಮ್ಮೆ ತೊಳೆದು, ಸ್ವಲ್ಪ ಉಪ್ಪು ಅರಿಶಿನ ಸವರಿ ಇಡಿ.

ಬಾಣಲೆಯಲ್ಲಿ ಎಣ್ಣೆ ಇಲ್ಲದೆ ಮೆಂತ್ಯ ಹುರಿಯಿರಿ. ಸಣ್ಣ ಉರಿ ಇರಲಿ. ಮೆಂತ್ಯ ಕೆಂಪಾಗಬೇಕು, ಕಪ್ಪಾಗಬಾರದು. ಕಪ್ಪಾದರೆ ಇಡೀ ಸಾರು ಕಹಿ. ಚೆಲ್ಲಿ ಮತ್ತೆ ಹುರಿಯಿರಿ, ಕಾಲು ಚಮಚ ತಾನೆ. ಅದಕ್ಕೇ ಜೀರಿಗೆ, ಮೆಣಸು ಹಾಕಿ ಬಿಸಿ ಮಾಡಿ ತೆಗೆಯಿರಿ. ಈಗ ಒಂದು ಚಮಚ ಎಣ್ಣೆ ಹಾಕಿ ಒಂದು ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ. ಟೊಮೆಟೊ ಹಾಕಿ ಮೆತ್ತಗೆ ಮಾಡಿ. ಒಲೆ ಆರಿಸಿ. ಆಮೇಲೆ ಖಾರದ ಪುಡಿ, ದನಿಯ ಪುಡಿ ಹಾಕಿ ಕೈಯಾಡಿಸಿ. ಉರಿಯ ಮೇಲೆ ಇರುವಾಗ ಪುಡಿ ಹಾಕಿದರೆ ಸೀಯುತ್ತದೆ. ಎಲ್ಲವನ್ನೂ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ.

ಇಲ್ಲಿ ನಮ್ಮಲ್ಲಿ ಜಗಳ ಆಯಿತು. ನಾಗಮಂಗಲದ ಅಕ್ಕ ಹೇಳಿದರು, "ಮೀನು ಸಾರಿಗೆ ಕಾಯಿ ಕಡಿಮೆ ಇರಬೇಕು. ಕಾಯಿ ಹೆಚ್ಚಾದ್ರೆ ಸಪ್ಪೆ, ಮುದ್ದೆಗೆ ಹೊಂದಲ್ಲ." ಕುಂದಾಪುರದ ಅಕ್ಕ ಬಿಡಲಿಲ್ಲ. "ಕಾಯಿ ಇಲ್ದೆ ಮೀನು ಸಾರು ಅಂತಾರಾ? ನಮ್ಮಲ್ಲಿ ಅರ್ಧ ಕಾಯಿ ಬೇಕು. ಮೆಣಸಿನಕಾಯಿ ಹುರಿದು ಕಾಯಿ ಜೊತೆ ಅರೆಯೋದು. ಬಂಗುಡೆಗೆ ಜುಮ್ಮನಕಾಯಿ ಹಾಕಿ ನೋಡಿ, ಆಮೇಲೆ ಮಾತಾಡಿ." ಜುಮ್ಮನಕಾಯಿ ಕಾಡಿನ ಮರದ ಸಣ್ಣ ಕಾಯಿ. ಒಣಗಿಸಿ ಬೀಜ ತೆಗೆದು ಸಿಪ್ಪೆ ಹಾಕುತ್ತಾರೆ. ಘಮಘಮ ಅನ್ನುತ್ತದೆ. ನಾಲಿಗೆ ಸ್ವಲ್ಪ ಜುಮ್ ಅನ್ನುತ್ತದೆ. ಅವರು ಊರಿಂದ ತಂದು ಒಂದು ದಿನ ಮಾಡಿ ಬಡಿಸಿದರು. ನಾಗಮಂಗಲದ ಅಕ್ಕ ಎರಡು ಸಲ ಹಾಕಿಸಿಕೊಂಡರು. ಆದರೂ "ಅನ್ನಕ್ಕೆ ಸರಿ, ಮುದ್ದೆಗೆ ಅಲ್ಲ" ಅಂತಲೇ ಹೇಳಿದರು.

ನಮಗೆ ಅನ್ನಿಸುವುದು ಇಷ್ಟು. ಮುದ್ದೆ ಇದ್ದರೆ ಕಾಲು ಭಾಗ ಕಾಯಿ, ಹುಳಿ ಖಾರ ಮುಂದೆ. ಅನ್ನ ಇದ್ದರೆ ಕಾಯಿ ಹೆಚ್ಚು. ನಿಮ್ಮ ಮನೆಯ ಊಟ ನೋಡಿ ತೀರ್ಮಾನ ಮಾಡಿ.

ಅಗಲವಾದ ಪಾತ್ರೆ ಒಲೆ ಮೇಲೆ ಇಡಿ. ಮಣ್ಣಿನ ಮಡಕೆ ಇದ್ದರೆ ಇನ್ನೂ ಒಳ್ಳೆಯದು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಣಸೆ ಹುಳಿ ಅದನ್ನು ತಿನ್ನುತ್ತದೆ. ಎರಡು ದೊಡ್ಡ ಚಮಚ ಎಣ್ಣೆ, ಕರಿಬೇವು, ಹೆಚ್ಚಿದ ಎರಡು ಈರುಳ್ಳಿ ಹಾಕಿ ಬಾಡಿಸಿ. ರುಬ್ಬಿದ ಮಸಾಲೆ ಹಾಕಿ. ತಳ ಹಿಡಿಯದ ಹಾಗೆ ಕೈಯಾಡಿಸುತ್ತಾ ಇರಿ. ಪಕ್ಕದಲ್ಲಿ ಎಣ್ಣೆ ಬಿಟ್ಟುಕೊಳ್ಳುವ ತನಕ ಬಿಡಬೇಡಿ. ಆಮೇಲೆ ಹುಣಸೆ ರಸ, 3–4 ಲೋಟ ನೀರು, ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಹಸಿ ವಾಸನೆ ಹೋಗಬೇಕು. ಈಗಲೇ ರುಚಿ ನೋಡಿ. ಮೀನು ಹಾಕಿದ ಮೇಲೆ ಸರಿ ಮಾಡುವುದು ಕಷ್ಟ. ಮಾವಿನಕಾಯಿ ಕಾಲ ಆದರೆ ಹುಣಸೆ ಅರ್ಧ ಮಾಡಿ, ನಾಲ್ಕು ಹೋಳು ಮಾವಿನಕಾಯಿ ಹಾಕಿ.

ಕುದಿಯುವ ಸಾರಿಗೆ ಮೊದಲು ತಲೆ ಹಾಕಿ. ಅದು ಬೇಯಲು ಹೊತ್ತು ಬೇಕು. ಎರಡು ಮೂರು ನಿಮಿಷ ಬಿಟ್ಟು ಉಳಿದ ತುಂಡು ಹಾಕಿ. ಉರಿ ಸಣ್ಣ ಮಾಡಿ. 8ರಿಂದ 10 ನಿಮಿಷ ಸಾಕು. ಭೂತಾಯಿಯಂಥ ಸಣ್ಣ ಮೀನಿಗೆ 5–6 ನಿಮಿಷ. ಸೌಟು ಹಾಕಿ ತಿರುಗಿಸಬೇಡಿ, ತುಂಡು ಒಡೆದು ಮುಳ್ಳೆಲ್ಲಾ ಸಾರಿಗೆ ಸೇರುತ್ತದೆ. ಬಟ್ಟೆಯಲ್ಲಿ ಪಾತ್ರೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕೊತ್ತಂಬರಿ ಸೊಪ್ಪು ಹಾಕಿ, ಮುಚ್ಚಿ, ಒಲೆ ಆರಿಸಿ.

ಕೂಡಲೇ ಬಡಿಸಬೇಡಿ. ಅರ್ಧ ಗಂಟೆ ಬಿಡಿ. ಹುಳಿ, ಖಾರ, ಉಪ್ಪು ತುಂಡಿನ ಒಳಗೆ ಇಳಿಯಲಿ. ಮಾರನೇ ದಿನದ ಮೀನು ಸಾರು ಇನ್ನೂ ರುಚಿ ಅನ್ನುತ್ತಾರಲ್ಲ, ಅದಕ್ಕೂ ಇದೇ ಕಾರಣ. ಆದರೆ ಫ್ರಿಜ್ ಇಲ್ಲದಿದ್ದರೆ ರಾತ್ರಿ ಒಮ್ಮೆ ಕುದಿಸಿ ಇಡಬೇಕು, ಬೆಳಿಗ್ಗೆ ಮತ್ತೆ ಕುದಿಸಬೇಕು. ಬೇಸಿಗೆಯಲ್ಲಿ ಅದೂ ಬೇಡ. ಅಂದಿನದು ಅಂದೇ ಮುಗಿಸಿ.

ವಾಸನೆಯ ಮಾತು, ಬಾಡಿಗೆ ಮನೆಯ ಮಾತು

ನಮ್ಮ ಗುಂಪಿನ ಒಬ್ಬ ತಂಗಿ ಬಸವೇಶ್ವರನಗರದ ಕಡೆ ಬಾಡಿಗೆ ಮನೆ ಹುಡುಕುತ್ತಿದ್ದಳು. ಅವಳು ರಸ್ತೆಯಲ್ಲಿ ನಿಂತು, ಯಾರ ಸಹಾಯವೂ ಇಲ್ಲದೆ, ಅಕ್ಷರ ಕೂಡಿಸಿ ಓದಿದ ಮೊದಲ ಬೋರ್ಡು ಯಾವುದು ಗೊತ್ತೆ?

ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.

"ಮೊದಲು ಓದಲು ಬರುತ್ತಿರಲಿಲ್ಲ ಅಕ್ಕ. ಬಾಗಿಲು ತಟ್ಟಿ, ನೀವು ಏನು ಜನ ಅಂತ ಕೇಳಿಸಿಕೊಂಡು, ಇಲ್ಲ ಅನ್ನಿಸಿಕೊಂಡು ಬರುತ್ತಿದ್ದೆ. ಈಗ ಗೇಟಿನಲ್ಲೇ ಓದಿ ಮುಂದೆ ಹೋಗ್ತೀನಿ" ಅಂದಳು. ನಾವು ನಗಲಿಲ್ಲ. ಅವಳು ನಕ್ಕಳು.

ಊಟ ಏನು ಅಂತ ಕೇಳುವುದು ಎಷ್ಟೋ ಸಲ ಜಾತಿ ಕೇಳುವುದೇ ಆಗಿರುತ್ತದೆ. ಇದು ನಮಗೆ ಸರಿ ಕಾಣುವುದಿಲ್ಲ. ಬಾಡಿಗೆ ಸರಿಯಾಗಿ ಕೊಡುತ್ತಾರಾ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರಾ ಅಂತ ಕೇಳಲಿ. ಒಪ್ಪಿ ಮನೆ ಕೊಟ್ಟವರೂ ಇದ್ದಾರೆ ಅನ್ನಿ. ನಮ್ಮ ಮಾಗಡಿ ಅಕ್ಕನ ಮಾಲೀಕರ ಮನೆಯಲ್ಲಿ ಮೊಟ್ಟೆ ಕೂಡ ತಿನ್ನುವುದಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಅಕ್ಕ ಅದೇ ಮನೆಯಲ್ಲಿದ್ದಾರೆ.

ಅಕ್ಕಪಕ್ಕದವರ ಜೊತೆ ಹೊಂದಿಕೊಂಡು ಹೋಗಲು ಕಸ ಸರಿಯಾಗಿ ಹಾಕಬೇಕು. ಹುರುಪೆ, ಮುಳ್ಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಅಂದೇ ಅಥವಾ ಮಾರನೇ ಬೆಳಿಗ್ಗೆ ಪಾಲಿಕೆಯ ಗಾಡಿ ಬಂದಾಗ ಹಸಿ ಕಸಕ್ಕೆ ಹಾಕಿ. ಚರಂಡಿಗೆ ಎಸೆಯಬೇಡಿ. ಕೈ, ಚಾಕು, ತಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ತೊಳೆದು ಆಮೇಲೆ ಸೋಪು ಹಾಕಿ. ಉಳಿದ ಹುಣಸೆ ಗಸಿಯಿಂದ ಉಜ್ಜಿದರೆ ಕೈ ವಾಸನೆ ಹೋಗುತ್ತದೆ.

ಹನ್ನೆರಡು ತುಂಡು

ಒಂದು ಕೆಜಿ ಮೀನಿಗೆ ತಲೆ, ಬಾಲ ಸೇರಿ 12 ತುಂಡು ಬಂತು ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಆರು ಜನ. ಗಂಡ, ಮೈದುನ, ಇಬ್ಬರು ಮಕ್ಕಳು, ಅತ್ತೆ, ನೀವು. ಒಬ್ಬರಿಗೆ ಎಷ್ಟು?

12ನ್ನು 6ರಿಂದ ಭಾಗಿಸಿದರೆ 2. ಸುಲಭದ ಲೆಕ್ಕ. ಎಲ್ಲರೂ ಸರಿಯಾಗಿ ಬರೆದೆವು.

ಆಮೇಲೆ ಕುಣಿಗಲ್ ಅಕ್ಕ ಪೆನ್ಸಿಲು ಕೆಳಗಿಟ್ಟು, "ನಮ್ಮ ಮನೆ ಲೆಕ್ಕ ಹೀಗೆ ಬರಲ್ಲ" ಅಂದರು. ಅವರು ಹೇಳಿದ ಲೆಕ್ಕ ಇದು:

ಗಂಡ 4
ಮೈದುನ 3
ದೊಡ್ಡ ಮಗ 2
ಮಗಳು 2
ಅತ್ತೆ 1, ಅದೂ ಬಾಲ
ಒಟ್ಟು 12

"ನಿಮಗೆ?"

"ಪಾತ್ರೆ ತಳದ ಸಾರು. ಮುದ್ದೆ ಉಳಿದಿದ್ದರೆ ಮುದ್ದೆ."

ಯಾರೂ ಅವರಿಗೆ ಬೇಡ ಅಂದಿರಲಿಲ್ಲ. ತಿನ್ನಬೇಡ ಅಂತ ಯಾರೂ ಬೈದಿರಲಿಲ್ಲ. ಬಡಿಸುವವರು ಕೊನೆಗೆ ಉಣ್ಣಬೇಕು, ಉಳಿದದ್ದು ಉಣ್ಣಬೇಕು. ಅಷ್ಟೇ. ನಾವು ಕೈ ಎತ್ತಿ ನೋಡಿದೆವು. ಹೆಚ್ಚು ಕಡಿಮೆ ಎಲ್ಲರ ಮನೆಯಲ್ಲೂ ಹೀಗೇ.

ಮೀನು ಬರೀ ರುಚಿಗಲ್ಲ. 100 ಗ್ರಾಂ ಮೀನಿನ ಮಾಂಸದಲ್ಲಿ 16ರಿಂದ 20 ಗ್ರಾಂ ಪ್ರೋಟೀನು ಇರುತ್ತದೆ. ಮೈ ಕಟ್ಟುವುದು ಪ್ರೋಟೀನು. ಭೂತಾಯಿಯಂಥ ಸಣ್ಣ ಮೀನನ್ನು ಮೆತ್ತಗೆ ಬೇಯಿಸಿ ಮೂಳೆ ಸಮೇತ ಅಗಿದು ತಿಂದರೆ ಸುಣ್ಣದ ಅಂಶವೂ ಸಿಗುತ್ತದೆ. ಅದು ಬೆಲೆಯಲ್ಲೂ ಅಂಜಲ್‌ಗಿಂತ ಎಷ್ಟೋ ಕಡಿಮೆ. ಮೀನಿನ ಜೊತೆ ಸೊಪ್ಪು ತಿಂದರೆ ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ರಕ್ತ ಆಗಲು ಕಬ್ಬಿಣದ ಅಂಶ ಬೇಕು. ಊಟ ಆದ ಕೂಡಲೇ ಟೀ ಕುಡಿದರೆ ಅದು ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

2019ರಿಂದ 2021ರ ತನಕ ದೇಶದಲ್ಲೆಲ್ಲಾ ಮನೆ ಮನೆಗೆ ಹೋಗಿ ಆರೋಗ್ಯದ ಸಮೀಕ್ಷೆ ಮಾಡಿದರು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ ಅಂತ ಗೊತ್ತಾಯಿತು. ಗಂಡಸರಲ್ಲಿ ಅಷ್ಟು ಇಲ್ಲ. ಹೆಂಗಸರಿಗೆ ತಿಂಗಳು ತಿಂಗಳು ರಕ್ತ ಹೋಗುತ್ತದೆ. ಹೆರಿಗೆಯಲ್ಲಿ ಹೋಗುತ್ತದೆ. ಹೆಚ್ಚು ಬೇಕಾದವರ ತಟ್ಟೆಗೆ ಕಡಿಮೆ ಬೀಳುತ್ತಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಮೆಷಿನ್ ಮುಂದೆ ಕೂತರೆ ಕಣ್ಣು ಕತ್ತಲೆ. ಇದು ಹೆಂಗಸಾಗಿ ಹುಟ್ಟಿದ್ದಕ್ಕೆ ಬಂದ ಸುಸ್ತು ಅಂತ ನಾವು ತಿಳಿದಿದ್ದೆವು. ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮಾತ್ರೆ ಕೊಟ್ಟರೆ ನುಂಗಿ. ಮೀನು ಮಾತ್ರೆಯ ಬದಲು ಅಲ್ಲ. ಎರಡೂ ಬೇಕು.

ಮುಂದಿನ ಭಾನುವಾರ ಕುಣಿಗಲ್ ಅಕ್ಕ ಒಂದು ಕೆಲಸ ಮಾಡಿದರು. ಯಾರನ್ನೂ ಊಟಕ್ಕೆ ಕರೆಯುವ ಮೊದಲೇ ಆರು ತಟ್ಟೆ ಸಾಲಾಗಿ ಇಟ್ಟರು. ಆರು ತಟ್ಟೆಗೂ ಎರಡೆರಡು ತುಂಡು ಹಾಕಿದರು. ಆಮೇಲೆ ಕರೆದರು.

ಅತ್ತೆ ಬಂದು ತಟ್ಟೆ ಎಣಿಸಿದರು.

"ಈ ಆರನೇ ತಟ್ಟೆ ಯಾರದವ್ವಾ? ಯಾರಾದರೂ ಬರ್ತಾರಾ?"

"ನಂದು ಅತ್ತೆ."

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಮ್ಮ ತಟ್ಟೆ ನೋಡಿದರು. ಅದರಲ್ಲಿ ನಡುವಿನ ತುಂಡು ಎರಡು ಇದ್ದವು.

"ಬಾಲ ಎಲ್ಲಿ?" ಅಂತ ಕೇಳಿದರು.

"ನಿಮ್ಮ ಮಗನ ತಟ್ಟೆಯಲ್ಲಿದೆ."

"ನಾನು ಈ ಮನೆಗೆ ಬಂದಾಗಿನಿಂದ ಬಾಲನೇ ತಿಂದಿದ್ದು ಕಣವ್ವಾ. ನಡುವಿನ ತುಂಡಿಗೆ ಇಷ್ಟೊಂದು ಮುಳ್ಳು ಇರುತ್ತೆ ಅಂತ ಗೊತ್ತಿರಲಿಲ್ಲ" ಅಂತ ಹೇಳಿ ಉಣ್ಣಲು ಕುಳಿತರು. ಮೈದುನ ಮಾತ್ರ ಇನ್ನೊಂದು ತುಂಡು ಇಲ್ವಾ ಅಂತ ಎರಡು ಸಲ ಕೇಳಿದನಂತೆ. ಇಲ್ಲ ಅಂದರಂತೆ.

ಮುಳ್ಳಿನ ಮಾತು ಬಂದದ್ದಕ್ಕೆ ಹೇಳುತ್ತೇವೆ. ರೋಹು, ಕಾಟ್ಲಾದಲ್ಲಿ ಕವೆಯಂಥ ಸಣ್ಣ ಮುಳ್ಳು ಬಹಳ. ಮಕ್ಕಳಿಗೆ ಹೊಟ್ಟೆಯ ಭಾಗದ ತುಂಡು ಕೊಡಿ, ಅಲ್ಲಿ ದೊಡ್ಡ ಮುಳ್ಳು ಮಾತ್ರ, ಕಣ್ಣಿಗೆ ಕಾಣುತ್ತದೆ. ಬಿಡಿಸಿ ಕೊಡಿ. ಉಣ್ಣುವಾಗ ಮಾತಾಡಿಸಬೇಡಿ. ಗಂಟಲಿಗೆ ಮುಳ್ಳು ಸಿಕ್ಕಿದರೆ ಅನ್ನದ ಉಂಡೆ ನುಂಗಿಸುವುದು, ಬೆರಳು ಹಾಕುವುದು ಬೇಡ. ಇನ್ನೂ ಆಳಕ್ಕೆ ಹೋಗಬಹುದು. ನೋವು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಈಗ ನೀವು ಬರೆಯಿರಿ

ನಿಮ್ಮ ಮನೆಯ ಮೀನು ಸಾರನ್ನು ಇಲ್ಲಿ ಬರೆಯಿರಿ. ಮೀನು ತಿನ್ನದವರು ನಿಮ್ಮ ಮನೆಯ ಭಾನುವಾರದ ಅಡುಗೆ ಬರೆಯಿರಿ. ಕೈ ಅಳತೆಯನ್ನು ಚಮಚದಲ್ಲಿ ಅಳೆದು ಬರೆಯಿರಿ.

ಮೀನಿನ ಹೆಸರು ______
ಎಲ್ಲಿಯ ಮೀನು ______
ಕೊಳ್ಳುವಾಗ ತೂಕ ______ ಶುದ್ಧ ಮಾಡಿದ ಮೇಲೆ ತೂಕ ______
ಕೊಟ್ಟ ದುಡ್ಡು ______
ಖಾರದ ಪುಡಿ ______ ಚಮಚ, ದನಿಯ ಪುಡಿ ______ ಚಮಚ
ಹುಳಿಗೆ ಏನು ಹಾಕಿದಿರಿ ______
ಒಟ್ಟು ತುಂಡು ______ ಮನೆಯ ಜನ ______
ನನ್ನ ತಟ್ಟೆಗೆ ______